ತಿಪ್ಪೆಗುಂಡಿಗೆ ಲೆಕ್ಕ ಕಲಿಸಿದ ಸಾಹೇಬ: ಇಂದೋರ್ ಕಾಂಪೋಸ್ಟ್‌ನ ಆಲ್ಬರ್ಟ್ ಹೋವರ್ಡ್

ಹತ್ತಿ ಬಿಡಿಸಿ ಮುಗೀತು ಅಂದ್ರೆ ಸಾಕು, ರೋಣ, ನರಗುಂದ ಕಡೆಯ ಎರೆ ಹೊಲಗಳ ಬದುವಿನಲ್ಲಿ ಹತ್ತಿ ಕಟ್ಟಿಗೆಗೆ ಬೆಂಕಿ ಬೀಳುತ್ತೆ. ಮೊದಲು ಅದು ಒಲೆಗಾದ್ರೂ ಬರ್ತಿತ್ತು, ಈಗ ಮನೆಮನೆಗೆ ಸಿಲಿಂಡರ್ ಬಂದಿದೆ. ಅದೇ ಹೊತ್ತಿಗೆ ಪಟ್ಟಣದಲ್ಲಿ ಟೆರೇಸ್ ಮೇಲೆ ನಾಲ್ಕು ಕುಂಡ ಇಟ್ಟವರು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಗೊಬ್ಬರದ ಪ್ಯಾಕೆಟ್ ತರಿಸ್ತಿದ್ದಾರೆ. ಒಂದು ಕಡೆ ಸುಡೋದು, ಇನ್ನೊಂದು ಕಡೆ ಕೊಳ್ಳೋದು.

ಸುಡೋದೂ ಬೇಡ, ಕೊಳ್ಳೋದೂ ಬೇಡ ಅಂತ ಸುಮಾರು ನೂರು ವರ್ಷದ ಹಿಂದೆಯೇ ಲೆಕ್ಕ ಸಮೇತ ತೋರಿಸಿಕೊಟ್ಟವರು ಸರ್ ಆಲ್ಬರ್ಟ್ ಹೋವರ್ಡ್. ಅದೂ ಇಂಗ್ಲೆಂಡಿನಲ್ಲಲ್ಲ, ನಮ್ಮಂಥದೇ ಕರಿಮಣ್ಣಿನ, ಹತ್ತಿ-ತೊಗರಿ ಬೆಳೆಯುವ ಇಂದೋರ್‌ನಲ್ಲಿ. ಇವತ್ತು ಜಗತ್ತಿನ ತುಂಬ ಸಾವಯವ ಕೃಷಿ ಅಂತ ಹೇಳುವವರೆಲ್ಲ ಇವರ ಹೆಸರು ಹೇಳ್ತಾರೆ. ಆದರೆ ಅವರು ಪಾಠ ಕಲಿತದ್ದು ನಮ್ಮ ದೇಶದ ರೈತರ ಹೊಲದಲ್ಲಿ ಅನ್ನೋದು ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಒಕ್ಕಲು ಮನೆತನದ ಹುಡುಗ

ಹೋವರ್ಡ್ ಹುಟ್ಟಿದ್ದು 1873ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಪ್ರಾಂತ್ಯದ ಬಿಷಪ್ಸ್ ಕ್ಯಾಸಲ್ ಊರಲ್ಲಿ. ಮನೆತನ ಒಕ್ಕಲುತನದ್ದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್, ಆಮೇಲೆ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು, ಹೀಗೆ ಓದು ದೊಡ್ಡದಾಯಿತು.

1899ರಲ್ಲಿ ಕೆಲಸ ಸಿಕ್ಕಿದ್ದು ವೆಸ್ಟ್ ಇಂಡೀಸ್‌ನಲ್ಲಿ, ಶಿಲೀಂಧ್ರ ತಜ್ಞರಾಗಿ. ಕಬ್ಬಿಗೆ ಬೀಳುವ ರೋಗಗಳನ್ನು ನೋಡೋದು, ರೈತರಿಗೆ ಸಲಹೆ ಕೊಡೋದು. ಅಲ್ಲಿ ಅವರಿಗೆ ಒಂದು ಇಕ್ಕಟ್ಟು ಕಾಡತೊಡಗಿತು. ಕೈಯಲ್ಲಿ ಸೂಕ್ಷ್ಮದರ್ಶಕ ಇದೆ, ಬಾಯಲ್ಲಿ ಸಲಹೆ ಇದೆ, ಆದರೆ ಆ ಸಲಹೆಯನ್ನು ತಾನೇ ಹಾಕಿ ನೋಡೋಕೆ ಸ್ವಂತ ಉಸ್ತುವಾರಿಯ ಒಂದು ತುಂಡು ಹೊಲ ಇಲ್ಲ. ತಾನು ಬೆಳೆದು ನೋಡದ್ದನ್ನು ಬೆಳೆಯುವವನಿಗೆ ಹೇಳೋದು ಹೇಗೆ? ಈ ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ. 1903ರಲ್ಲಿ ಊರಿಗೆ ಮರಳಿ ಕೆಂಟ್‌ನ ಕೃಷಿ ಕಾಲೇಜಿನಲ್ಲಿ ಎರಡು ವರ್ಷ ಕೆಲಸ ಮಾಡಿದರು. 1905ರಲ್ಲಿ ಭಾರತಕ್ಕೆ ಹಡಗು ಹತ್ತಿದರು.

ಪೂಸಾದ 75 ಎಕರೆ

ಆಗ ಬ್ರಿಟಿಷ್ ಸರ್ಕಾರ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಶುರು ಮಾಡಿತ್ತು. ಹೋವರ್ಡ್ ಅಲ್ಲಿ ಸರ್ಕಾರದ ಸಸ್ಯವಿಜ್ಞಾನಿ. ಕೆಲಸ ಅಂದ್ರೆ ಒಳ್ಳೆ ತಳಿ ಹುಡುಕೋದು. ಅವರು ಕೇಳಿ ಪಡೆದದ್ದು ಮಾತ್ರ ಬೇರೆ: ತನ್ನ ಇಷ್ಟದಂತೆ ಬೆಳೆ ಬೆಳೆಯೋಕೆ 75 ಎಕರೆ ಭೂಮಿ.

ಅಕ್ಕಪಕ್ಕದ ಹಳ್ಳಿಗಳ ಹೊಲ ನೋಡಿದಾಗ ಅವರಿಗೆ ಆಶ್ಚರ್ಯ ಆಯಿತು. ಅಲ್ಲಿನ ರೈತರು ಔಷಧ ಹೊಡೆಯುತ್ತಿರಲಿಲ್ಲ, ಚೀಲದ ಗೊಬ್ಬರ ಅಂದ್ರೆ ಗೊತ್ತೇ ಇರಲಿಲ್ಲ. ಆದರೂ ಬೆಳೆಗೆ ರೋಗ ಕಡಿಮೆ. ಹೆಚ್ಚಿನ ವಿಜ್ಞಾನಿಗಳು ಇದನ್ನು ಕಾಕತಾಳೀಯ ಅಂತ ಬಿಟ್ಟುಬಿಡ್ತಿದ್ರು. ಹೋವರ್ಡ್ ಬಿಡಲಿಲ್ಲ. ರೈತರನ್ನು ಮತ್ತು ಬೆಳೆಗೆ ಬೀಳುವ ಕೀಟಗಳನ್ನು ತನ್ನ ಗುರುಗಳು ಅಂತ ತಿಳಿದು ಕಲಿಯೋಕೆ ಕೂತರು. ರೈತರಿಂದ ಬೆಳೆಯೋದು ಹೇಗೆ ಅಂತ ಕಲಿಯೋದು. ಕೀಟ ಬಿದ್ದರೆ ಅದನ್ನು ಕೊಲ್ಲುವ ಮೊದಲು, ನೀನು ಇಲ್ಲಿಗೆ ಯಾಕೆ ಬಂದೆ, ನನ್ನ ಬೇಸಾಯದಲ್ಲಿ ಏನು ತಪ್ಪಾಯಿತು ಅಂತ ನೋಡೋದು. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಅವರ ಬದುಕಿನ ಈ ಭಾಗ ಬಹಳ ಹಿಡಿಸುತ್ತೆ. ಕೇಂಬ್ರಿಜ್‌ನಲ್ಲಿ ಓದಿ ಬಂದವರು ಮತ್ತೆ ಒಂದನೇ ಕ್ಲಾಸಿಗೆ ಸೇರಿದಂಗೆ ಅದು. ಸುಮಾರು ಐದು ವರ್ಷದಲ್ಲಿ ವಿಷ ಹೊಡೆಯದೆ ಆರೋಗ್ಯವಂತ ಬೆಳೆ ತೆಗೆಯೋದು ಅವರಿಗೆ ಒಲಿಯಿತು.

ಹಾಗಂತ ಅವರು ವಿಜ್ಞಾನ ಬಿಟ್ಟು ಕೂತವರಲ್ಲ. ಪೂಸಾ 4, ಪೂಸಾ 12 ಎಂಬ ಗೋಧಿ ತಳಿಗಳು ಅಲ್ಲಿಂದಲೇ ಹೊರಬಂದು ಉತ್ತರ ಭಾರತದ ಹೊಲಗಳಿಗೆ ಹರಡಿದವು. ಆದರೆ ತಳಿ ಎಷ್ಟೇ ಒಳ್ಳೇದಿದ್ರೂ ಮಣ್ಣಿನಲ್ಲಿ ಕಸುವಿಲ್ಲದಿದ್ರೆ ಅರ್ಧ ಪ್ರಯೋಜನ ಅಂತ ಅವರಿಗೆ ಖಾತ್ರಿ ಆಗುತ್ತಾ ಹೋಯಿತು.

ಎತ್ತುಗಳ ಕಥೆಯೂ ಇಲ್ಲಿಯದೇ. ತಮ್ಮ ಹೊಲದ ಎತ್ತುಗಳಿಗೆ ಅವರು ಒಳ್ಳೆ ಮಣ್ಣಲ್ಲಿ ಬೆಳೆದ ಮೇವನ್ನೇ ಹಾಕ್ತಿದ್ರು. ಪಕ್ಕದ ಕೊಟ್ಟಿಗೆಯ ದನಗಳಿಗೆ ಕಾಲುಬಾಯಿ ಬೇನೆ ಬಂದಾಗ, ನಡುವೆ ಇದ್ದ ಗಿಡ್ಡ ಬೇಲಿಯ ಮೇಲೆ ಎರಡೂ ಕಡೆಯ ದನಗಳು ಮೂತಿ ತಿಕ್ಕಾಡಿದ್ರೂ ಇವರ ಎತ್ತುಗಳಿಗೆ ಬೇನೆ ತಗಲಲಿಲ್ಲ ಅಂತ ಅವರು ಬರೆದಿದ್ದಾರೆ. ಮಣ್ಣು ಆರೋಗ್ಯವಾಗಿದ್ರೆ ಮೇವು, ಮೇವು ಆರೋಗ್ಯವಾಗಿದ್ರೆ ದನ, ಅದರಿಂದ ಮನುಷ್ಯ, ಇದೆಲ್ಲ ಒಂದೇ ಸರಪಳಿ ಅನ್ನೋದು ಅವರ ನಂಬಿಕೆ. ಇದು ಅವರು ಕಂಡ ಒಂದು ಘಟನೆ ಅಷ್ಟೇ, ಪಕ್ಕಾ ಸಾಬೀತಾದ ಮಾತಲ್ಲ. ಇದನ್ನು ಓದಿ ಯಾರೂ ದನಗಳಿಗೆ ಲಸಿಕೆ ಹಾಕಿಸೋದು ಬಿಡಬೇಡ್ರಿ.

ಗೇಬ್ರಿಯೆಲ್ ಇಲ್ಲದೆ ಹೋವರ್ಡ್ ಇಲ್ಲ

1905ರಲ್ಲೇ ಮುಂಬೈಯಲ್ಲಿ ಅವರ ಮದುವೆ ಆಯಿತು. ಹೆಂಡತಿ ಗೇಬ್ರಿಯೆಲ್ ಮ್ಯಾಥೆ ಕೂಡ ಕೇಂಬ್ರಿಜ್‌ನಲ್ಲಿ ಓದಿದ ಸಸ್ಯವಿಜ್ಞಾನಿ. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುವ ಬಗ್ಗೆ ಮದುವೆಗೆ ಮೊದಲೇ ಮಹತ್ವದ ಸಂಶೋಧನೆ ಮಾಡಿ ಹೆಸರು ಗಳಿಸಿದ್ದವರು. ಪೂಸಾದಲ್ಲಿ ಗಂಡನ ಜೊತೆ ಸಮಸಮವಾಗಿ ಕೆಲಸ ಮಾಡಿದರು. 1913ರಲ್ಲಿ ಸರ್ಕಾರವೇ ಅವರನ್ನು ಎರಡನೇ ಸಸ್ಯವಿಜ್ಞಾನಿಯಾಗಿ ನೇಮಿಸಿತು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳಿಗೆ ಇಂಥ ಹುದ್ದೆ ಸಿಗೋದು ಸಣ್ಣ ಮಾತಲ್ಲ. ಗೋಧಿ ತಳಿಗಳ ಕೆಲಸವಾಗಲಿ, ಬೇಸಿಗೆಯಲ್ಲಿ ಕ್ವೆಟ್ಟಾಕ್ಕೆ ಹೋಗಿ ಮಾಡ್ತಿದ್ದ ಹಣ್ಣಿನ ಬೆಳೆಗಳ ಕೆಲಸವಾಗಲಿ, ವರದಿಗಳ ಮೇಲೆ ಇಬ್ಬರ ಹೆಸರೂ ಇರ್ತಿತ್ತು. ಈಗ ಗಂಡನ ಹೆಸರು ಉಳಿದಿದೆ, ಹೆಂಡತಿಯದು ಅಲ್ಲಲ್ಲಿ ಒಂದು ಸಾಲು.

ಕರಿಮಣ್ಣಿನ ಇಂದೋರ್

ಪೂಸಾದಲ್ಲಿ ಒಂದು ತೊಂದರೆ ಇತ್ತು. ಗಿಡದ ರೋಗಕ್ಕೆ ಒಬ್ಬ ವಿಜ್ಞಾನಿ, ಹುಳಕ್ಕೆ ಒಬ್ಬ, ಮಣ್ಣಿನ ರಸಾಯನಕ್ಕೆ ಇನ್ನೊಬ್ಬ. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವ ಹಾಗಿಲ್ಲ. ಹೊಲದಲ್ಲಿ ಎಲ್ಲವೂ ಒಟ್ಟಿಗೇ ಇರುತ್ತಲ್ಲ, ಹೀಗೆ ಪಾಲು ಹಾಕಿಕೊಂಡು ನೋಡಿದ್ರೆ ಏನು ತಿಳಿಯುತ್ತೆ ಅನ್ನೋದು ಹೋವರ್ಡ್ ಅವರ ತಕರಾರು. ಕೊನೆಗೆ ತಮ್ಮ ದಾರಿಯನ್ನೇ ಹಿಡಿದರು. ಹತ್ತಿ ಸಮಿತಿಯ ಹಣ, ಮಧ್ಯ ಭಾರತದ ಸಂಸ್ಥಾನಗಳ ನೆರವು, ಹೋಳ್ಕರ್ ದರ್ಬಾರ್ ಬಿಟ್ಟುಕೊಟ್ಟ 300 ಎಕರೆ ಜಮೀನು, ಇವು ಸೇರಿ 1924ರಲ್ಲಿ ಇಂದೋರ್‌ನ ಸಸ್ಯ ಸಂಶೋಧನಾ ಸಂಸ್ಥೆ ಶುರುವಾಯಿತು. ಹೋವರ್ಡ್ ಅದರ ನಿರ್ದೇಶಕರು.

ಅಲ್ಲಿ ಕಂಡ ಸಮಸ್ಯೆ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದರೆ ಅಂಟು, ಬಿಸಿಲಿಗೆ ಬಿರುಕು. ಸಗಣಿ ಕುಳ್ಳಾಗಿ ಒಲೆಗೆ ಹೋಗುತ್ತೆ, ದನದ ಗಂಜಲ ನೆಲದಲ್ಲಿ ಇಂಗಿ ಹೋಗುತ್ತೆ, ಹತ್ತಿ-ತೊಗರಿ ಕಟ್ಟಿಗೆ ಉರುವಲಾಗುತ್ತೆ. ಹೊಲದಿಂದ ತೆಗೆದದ್ದು ಹೊಲಕ್ಕೆ ಮರಳುತ್ತಿಲ್ಲ. ಹಾಗಾದ್ರೆ ಉಳಿದಿರುವ ಅಷ್ಟಿಷ್ಟು ಸಗಣಿಯಿಂದಲೇ ಹೆಚ್ಚು ಗೊಬ್ಬರ ಮಾಡೋದು ಹೇಗೆ? ಇದೇ ಅವರ ಮುಂದಿದ್ದ ಲೆಕ್ಕ.

ಸುಳಿವು ಸಿಕ್ಕಿದ್ದು ಚೀನಾದಿಂದ. ಅಮೆರಿಕದ ಮಣ್ಣು ವಿಜ್ಞಾನಿ ಎಫ್.ಎಚ್. ಕಿಂಗ್ ಅವರು ಚೀನಾ, ಜಪಾನ್, ಕೊರಿಯಾ ಸುತ್ತಿ, ಅಲ್ಲಿನ ರೈತರು ಊರಿನ ಒಂದು ಹಿಡಿ ಕಸವನ್ನೂ ಬಿಡದೆ ಕೊಳೆಸಿ ಸಾವಿರಾರು ವರ್ಷ ಅದೇ ಹೊಲವನ್ನು ಹೇಗೆ ಕಾಪಾಡಿಕೊಂಡರು ಅಂತ ಬರೆದ ಪುಸ್ತಕ 1911ರಲ್ಲಿ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದ ಗಿಲ್ಬರ್ಟ್ ಫೌಲರ್ ಕೂಡ ಕಸ ಕೊಳೆಸುವ ಪ್ರಯೋಗಗಳನ್ನು ಮಾಡಿದ್ದರು. ಚೀನಾದ ರೈತರ ಅನುಭವ, ನಮ್ಮ ತಿಪ್ಪೆ, ಜೊತೆಗೆ ಪ್ರಯೋಗಾಲಯದ ಲೆಕ್ಕ, ಈ ಮೂರನ್ನೂ ಹೋವರ್ಡ್ ಒಂದೇ ಗುಂಡಿಗೆ ಹಾಕಿದರು. ಈ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟವರು ಯಶವಂತ ವಾಡ್ ಎಂಬ ಭಾರತೀಯ ರಸಾಯನ ವಿಜ್ಞಾನಿ.

ಗುಂಡಿಯೊಳಗೆ ಏನು ನಡೆಯುತ್ತೆ

ಇಂದೋರ್ ಗುಂಡಿ 30 ಅಡಿ ಉದ್ದ, 14 ಅಡಿ ಅಗಲ, ಆಳ ಮಾತ್ರ ಎರಡು-ಮೂರು ಅಡಿ. ಆಳ ಕಡಿಮೆ ಯಾಕೆ ಅಂದ್ರೆ ಒಳಗೆ ಗಾಳಿ ಆಡಬೇಕು. ನಮ್ಮ ಹಳೇ ತಿಪ್ಪೆಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದೇ. ಮಳೆಗಾಲದಲ್ಲಿ ಗುಂಡಿಗೆ ನೀರು ನಿಲ್ಲುತ್ತೆ ಅಂತ ನೆಲದ ಮೇಲೇ ರಾಶಿ ಹಾಕ್ತಿದ್ರು.

ಹತ್ತಿ, ತೊಗರಿ ಕಟ್ಟಿಗೆ ಗಟ್ಟಿ, ಬೇಗ ಕೊಳೆಯಲ್ಲ. ಅದಕ್ಕೆ ಅವರು ಮಾಡಿದ ಉಪಾಯ ಸರಳ. ತೋಟದ ದಾರಿಯಲ್ಲಿ ಆ ಕಟ್ಟಿಗೆ ಹರಡಿಬಿಡೋದು. ದಿನಾ ಓಡಾಡುವ ಚಕ್ಕಡಿ ಗಾಲಿಗೆ ಸಿಕ್ಕಿ ಅದು ತಾನಾಗೇ ಪುಡಿ ಆಗುತ್ತೆ. ಯಂತ್ರ ಬೇಡ, ಖರ್ಚು ಬೇಡ. ಹಸಿ ಕಳೆಯನ್ನು ಒಣಗಿಸಿ, ಎಲೆ, ಹುಲ್ಲು, ಪುಡಿಯಾದ ಕಟ್ಟಿಗೆ ಎಲ್ಲ ಕಲೆಸಿ ರಾತ್ರಿ ಎತ್ತುಗಳ ಕಾಲಡಿ ಹಾಸ್ತಿದ್ರು. ಬೆಳಗ್ಗೆ ಅದು ಸಗಣಿ-ಗಂಜಲ ಕುಡಿದು ಗುಂಡಿಗೆ ಹೋಗೋದು. ಕೊಟ್ಟಿಗೆಯ ನೆಲ ಮಣ್ಣಿನದೇ. ಗಂಜಲ ಕುಡಿದ ಆ ಮಣ್ಣನ್ನು ಕೆಲವು ತಿಂಗಳಿಗೊಮ್ಮೆ ಅಗೆದು ಅದನ್ನೂ ಗುಂಡಿಗೆ ಹಾಕಿ, ಹೊಸ ಮಣ್ಣು ತುಂಬ್ತಿದ್ರು. ಜೊತೆಗೆ ಒಲೆ ಬೂದಿ, ಸಗಣಿ ರಾಡಿ, ಹಳೇ ಗುಂಡಿಯಿಂದ ಸ್ವಲ್ಪ ಅರೆ ಕೊಳೆತ ಗೊಬ್ಬರ. ಮೊಸರಿಗೆ ಹೆಪ್ಪು ಹಾಕ್ತೀವಲ್ಲ, ಹಾಗೆ.

ಅಳತೆ ಹೀಗೆ: ಒಣ ಕಸ ಮೂರು-ನಾಲ್ಕು ಪಾಲು, ಸಗಣಿಯಂಥದು ಒಂದು ಪಾಲು. ಒಣ ಕಸದಲ್ಲಿ ಇಂಗಾಲ ಜಾಸ್ತಿ, ಸಗಣಿ-ಗಂಜಲದಲ್ಲಿ ಸಾರಜನಕ ಜಾಸ್ತಿ. ಶುರುವಿನಲ್ಲಿ ಸುಮಾರು 33 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ರೆ ಸೂಕ್ಷ್ಮಜೀವಿಗಳಿಗೆ ಊಟ ಸರಿಯಾಗುತ್ತೆ. ಗೊಬ್ಬರ ಮಾಗುವ ಹೊತ್ತಿಗೆ ಅದು 10ಕ್ಕೆ ಒಂದಾಗಿ ಇಳಿಯುತ್ತೆ. ಗುಂಡಿ ತುಂಬಿದ ಕೆಲವೇ ದಿನದಲ್ಲಿ ಒಳಗಿನ ಶಾಖ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತೆ. ಕೈ ಇಟ್ಟರೆ ಸುಡುತ್ತೆ. ಕಳೆ ಬೀಜ ಸಾಯೋದು ಈ ಬಿಸಿಗೇ.

ಸುಮಾರು ಎರಡು ವಾರಕ್ಕೆ ಒಮ್ಮೆ, ಒಂದು ತಿಂಗಳಿಗೆ ಒಮ್ಮೆ, ಎರಡು ತಿಂಗಳಿಗೆ ಒಮ್ಮೆ, ಹೀಗೆ ಮೂರು ಸಲ ಮಗುಚಿ ಹಾಕಬೇಕು, ಪ್ರತಿ ಸಲ ನೀರು ಚಿಮುಕಿಸಬೇಕು. ಮೂರು ತಿಂಗಳಿಗೆ ಗೊಬ್ಬರ ತಯಾರು. ಕಪ್ಪಗೆ, ಪುಡಿಪುಡಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಇದನ್ನೇ ಅವರು ಹ್ಯೂಮಸ್ ಅಂತ ಕರೆದರು. ಇದು ಬರೀ ಗಿಡದ ಆಹಾರ ಅಲ್ಲ, ಮಣ್ಣಿನಲ್ಲಿರುವ ಕೋಟ್ಯಂತರ ಜೀವಿಗಳ ಆಹಾರ ಮತ್ತು ಮನೆ ಅನ್ನೋದು ಅವರ ವಾದದ ತಿರುಳು. ಗಿಡದ ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರಗಳು ಮಣ್ಣಿನ ಸಾರವನ್ನು ಗಿಡಕ್ಕೆ ತಲುಪಿಸ್ತವೆ ಅಂತ ಮುಂದೆ ಅವರು ಒತ್ತಿ ಹೇಳಿದರು. ಬೇರು-ಶಿಲೀಂಧ್ರದ ಆ ನೆಂಟಸ್ತನವನ್ನು ಇವತ್ತಿನ ವಿಜ್ಞಾನವೂ ಒಪ್ಪುತ್ತೆ.

ಪುಸ್ತಕ, ಪದವಿ, ಜಗಳ

1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. 25 ವರ್ಷ ಜೊತೆಗೆ ದುಡಿದ ಜೀವ ಹೋದ ಮರುವರ್ಷವೇ, 1931ರಲ್ಲಿ, ಹೋವರ್ಡ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ವಾಡ್ ಜೊತೆ ಸೇರಿ ಬರೆದ ಇಂದೋರ್ ವಿಧಾನದ ಪುಸ್ತಕ ಹೊರಬಂತು. ಗೇಬ್ರಿಯೆಲ್ ಅವರ ತಂಗಿ ಲೂಯಿಸ್ ಅವರನ್ನು ಮದುವೆಯಾದರು, ಮುಂದಿನ ಬರವಣಿಗೆಗೆ ಅವರೇ ಜೊತೆಯಾದರು. 1934ರಲ್ಲಿ ಸರ್ ಪದವಿ ಬಂತು.

ವಿಧಾನ ಮಾತ್ರ ಅವರಿಗಿಂತ ಮುಂದೆ ಓಡಿತ್ತು. ಕೀನ್ಯಾದ ಕಾಫಿ ತೋಟ, ಭಾರತ ಮತ್ತು ಸಿಲೋನಿನ ಚಹಾ ತೋಟಗಳಲ್ಲಿ ಇಂದೋರ್ ಗುಂಡಿಗಳು ಬಂದವು. 1935ರಲ್ಲಿ ಇಂದೋರ್‌ಗೆ ಬಂದಿದ್ದ ಗಾಂಧೀಜಿ ಈ ಸಂಸ್ಥೆಯನ್ನು ನೋಡಿದರು, ಅವರ ಹರಿಜನ ಪತ್ರಿಕೆಯಲ್ಲಿ ಈ ವಿಧಾನದ ವಿವರ ಅಚ್ಚಾಯಿತು. ಕಸದಿಂದ ರಸ ಅನ್ನೋದು ಗಾಂಧೀಜಿಗೆ ಹಿಡಿಸದೆ ಇರುತ್ತಾ?

1940ರಲ್ಲಿ ಬಂದ ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್ ಎಂಬ ಪುಸ್ತಕ ಅವರ ಬದುಕಿನ ಸಾರ. ಅದರಲ್ಲಿ ಅವರು ರಾಸಾಯನಿಕ ಗೊಬ್ಬರದ ವಿರುದ್ಧ ನೇರವಾಗಿ ನಿಂತರು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಬೇಕಾದ ಸಾರಜನಕ ತಯಾರಿಸಿದ ಕಾರ್ಖಾನೆಗಳಿಗೆ, ಯುದ್ಧ ಮುಗಿದ ಮೇಲೆ ಹೊಸ ಗಿರಾಕಿ ಬೇಕಿತ್ತು, ಆ ಗಿರಾಕಿ ರೈತ ಆದ ಅನ್ನೋದು ಅವರ ಆರೋಪ. ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೇ ಅಳೆದು ಚೀಲ ಸುರಿದ್ರೆ ಮಣ್ಣಿನ ಜೀವ ಉಳಿಯಲ್ಲ ಅಂದರು. ಬಹಳ ವಿಜ್ಞಾನಿಗಳು ಒಪ್ಪಲಿಲ್ಲ. ಒಳ್ಳೆ ಮಣ್ಣಲ್ಲಿ ಬೆಳೆದ ಬೆಳೆಗೆ ರೋಗವೇ ಬರಲ್ಲ ಅನ್ನುವಷ್ಟು ದೂರ ಹೋದ ಅವರ ಮಾತಿಗೆ ಸಾಕ್ಷಿ ಸಾಲದು ಅಂದರು. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಮಣ್ಣಿಗೆ ಸಾವಯವ ಅಂಶ ಬೇಕೇ ಬೇಕು ಅನ್ನೋದನ್ನು ಇವತ್ತು ಯಾವ ಕೃಷಿ ವಿಶ್ವವಿದ್ಯಾಲಯವೂ ಅಲ್ಲಗಳೆಯಲ್ಲ.

ಅವರ ಬರಹ ಓದಿದ ಜೆ.ಐ. ರೋಡೇಲ್ 1942ರಲ್ಲಿ ಅಮೆರಿಕದಲ್ಲಿ ಸಾವಯವ ಕೃಷಿಯ ಪತ್ರಿಕೆ ಶುರು ಮಾಡಿದರು. ಇಂಗ್ಲೆಂಡಿನಲ್ಲಿ ಈವ್ ಬಾಲ್ಫರ್ 1943ರಲ್ಲಿ ಜೀವಂತ ಮಣ್ಣಿನ ಬಗ್ಗೆಯೇ ಪುಸ್ತಕ ಬರೆದರು. ಈಗ ನಾವು ಮೊಬೈಲ್‌ನಲ್ಲಿ ನೋಡುವ ಲಿವಿಂಗ್ ಸಾಯಿಲ್ ವಿಡಿಯೋಗಳ ಬೇರು ಹುಡುಕ್ತಾ ಹೋದ್ರೆ ಇಂದೋರ್‌ನ ಗುಂಡಿಗೇ ಬಂದು ನಿಲ್ಲುತ್ತೆ.

ಬೆಂಗಳೂರಿನ ತಿದ್ದುಪಡಿ

ಇಂದೋರ್ ವಿಧಾನಕ್ಕೆ ಒಂದು ಕೊರತೆ ಇತ್ತು: ಆಳು ಜಾಸ್ತಿ ಬೇಕು, ನೀರೂ ಬೇಕು. ಇದಕ್ಕೆ ಬೇರೆ ದಾರಿ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ.ಎನ್. ಆಚಾರ್ಯ. ಪಟ್ಟಣದ ಕಸ ಮತ್ತು ಮಲವನ್ನು ಪದರ ಪದರವಾಗಿ ಕಂದಕಕ್ಕೆ ಹಾಕಿ, ಮೇಲೆ ಮುಚ್ಚಿ, ಮಗುಚದೆ ಬಿಟ್ಟುಬಿಡುವ ಕ್ರಮವನ್ನು ಅವರು 1939ರ ಸುಮಾರಿಗೆ ರೂಪಿಸಿದರು. ಕೆಲಸ ಕಡಿಮೆ, ಕಾಯುವುದು ಜಾಸ್ತಿ, ಆರರಿಂದ ಎಂಟು ತಿಂಗಳು. ಕೃಷಿ ಪುಸ್ತಕಗಳಲ್ಲಿ ಈಗಲೂ ಇಂದೋರ್ ವಿಧಾನ, ಬೆಂಗಳೂರು ವಿಧಾನ ಅಂತ ಎರಡೂ ಅಕ್ಕಪಕ್ಕ ಇರ್ತವೆ.

ನಮ್ಮ ಮನೆಗೆ ಎಷ್ಟು ಬೇಕೋ ಅಷ್ಟು

ಹೋವರ್ಡ್ ಲೆಕ್ಕವನ್ನು ಹಿತ್ತಲಿಗೆ ಇಳಿಸೋದು ಕಷ್ಟ ಅಲ್ಲ. ತೂತು ಮಾಡಿದ ಹಳೇ ಡ್ರಮ್ಮು ಅಥವಾ ಇಟ್ಟಿಗೆ ಜೋಡಿಸಿದ ಮೂಲೆ ಸಾಕು.

ಮೂರು ಬುಟ್ಟಿ ಒಣ ಎಲೆ, ಹೊಟ್ಟು, ಪುಡಿ ಮಾಡಿದ ಕಟ್ಟಿಗೆಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ ಮತ್ತು ಸಗಣಿ. ಹೊಲದಲ್ಲಿ ಚಕ್ಕಡಿ ಇಲ್ಲದಿದ್ರೆ ಟ್ರ್ಯಾಕ್ಟರ್ ಗಾಲಿ ಕೆಳಗೆ ಕಟ್ಟಿಗೆ ಹಾಕಿ. ಮೇಲೆ ಒಂದು ಬೊಗಸೆ ಒಳ್ಳೆ ಮಣ್ಣು, ಚೂರು ಹಳೇ ಗೊಬ್ಬರ ಹೆಪ್ಪಿಗೆ. ಬೂದಿ ಒಂದು ಹಿಡಿಗಿಂತ ಜಾಸ್ತಿ ಬೇಡ, ನಮ್ಮ ಎರೆಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶ ಇರುತ್ತೆ. ಮುಷ್ಟಿಯಲ್ಲಿ ಹಿಂಡಿದ್ರೆ ಕೈ ಒದ್ದೆ ಆಗಬೇಕು, ನೀರು ಸುರೀಬಾರದು. ಕೆಟ್ಟ ವಾಸನೆ ಬಂತಾ? ಗಾಳಿ ಸಾಲದು, ನೀರು ಜಾಸ್ತಿ ಆಗಿದೆ, ಒಣ ಎಲೆ ಸೇರಿಸಿ ಮಗುಚಿ. ಬಿಸಿಯೇ ಏರಲಿಲ್ವಾ? ಸಗಣಿ ಕಡಿಮೆ ಅಥವಾ ರಾಶಿ ತೀರಾ ಸಣ್ಣದು. ಸಣ್ಣ ಡ್ರಮ್ಮಿನಲ್ಲಿ 65 ಡಿಗ್ರಿ ಬರಲ್ಲ, ಅದಕ್ಕೆ ಬೀಜ ಕಟ್ಟಿದ ಕಳೆ ಹಾಕಬೇಡಿ, ಮೂರು ತಿಂಗಳ ಬದಲು ನಾಲ್ಕು-ಐದು ತಿಂಗಳು ಕಾಯಿರಿ. ಎಣ್ಣೆ, ಮಾಂಸ, ಮುಖ್ಯವಾಗಿ ಪ್ಲಾಸ್ಟಿಕ್ ದೂರ ಇರಲಿ. ಹೋವರ್ಡ್ ಕಾಲದ ತಿಪ್ಪೆಯಲ್ಲಿ ಇಲ್ಲದ ರೋಗ ಅದು.

ಕುಂಡಕ್ಕೆ ಬರೀ ಎರೆಮಣ್ಣು ತುಂಬಿದ್ರೆ ನೀರು ಕಟ್ಟಿ ಬೇರು ಕೊಳೆಯುತ್ತೆ. ಒಂದು ಪಾಲು ಮಾಗಿದ ಗೊಬ್ಬರ, ಒಂದು ಪಾಲು ಮಣ್ಣು, ಒಂದು ಪಾಲು ಮರಳು ಅಥವಾ ಮಸಾರಿ ಮಣ್ಣು ಕಲೆಸಿ. ಮೇಲೆ ಒಣ ಎಲೆ ಹೊದಿಸಿ. ಮಣ್ಣು ಬರಿ ಮೈಯಲ್ಲಿ ಬಿಸಿಲಿಗೆ ಬೀಳಬಾರದು.

ಉಳಿದದ್ದು ಏನು

ಹೋವರ್ಡ್ ತೀರಿಕೊಂಡದ್ದು 1947ರ ಅಕ್ಟೋಬರ್ 20ರಂದು, ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ. ಅವರು ಕಲಿತ ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳಾಗಿತ್ತು. ಪೂಸಾದ ಸಂಸ್ಥೆ 1934ರ ಬಿಹಾರ ಭೂಕಂಪದಲ್ಲಿ ಹಾಳಾಗಿ ದೆಹಲಿಗೆ ಹೋಯಿತು, ಹೆಸರು ಮಾತ್ರ ಪೂಸಾ ಅಂತಲೇ ಉಳಿಯಿತು. ಇಂದೋರ್‌ನ ಜಾಗದಲ್ಲಿ ಈಗ ಕೃಷಿ ಕಾಲೇಜು ಇದೆ.

ನಮ್ಮ ರೈತರಿಂದ ಕಲಿತದ್ದನ್ನು ಅವರು ಜಗತ್ತಿಗೆ ಹಂಚಿದರು, ಬಚ್ಚಿಟ್ಟುಕೊಳ್ಳಲಿಲ್ಲ. ಈಗ ಅದೇ ವಿದ್ಯೆ ಚಂದದ ಪ್ಯಾಕೆಟ್ ಆಗಿ ನಮಗೇ ಮಾರಾಟಕ್ಕೆ ಬಂದಿದೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಯಲ್ಲಿ ಸಗಣಿ ಇಲ್ಲ ಅನ್ನೋದು ನಿಜ. ಆದರೆ ಒಂದು ಪಾಲು ಸಗಣಿಯಿಂದ ನಾಲ್ಕು ಪಾಲು ಕಸವನ್ನು ಗೊಬ್ಬರ ಮಾಡಬಹುದು ಅಂತ ತೋರಿಸಿದ್ದೇ ಅವರ ಸಾಧನೆ. ಓಣಿಯಲ್ಲಿ ಒಂದು ಮನೆಯಲ್ಲಿ ಎಮ್ಮೆ ಇದ್ರೂ ನಾಲ್ಕು ಮನೆಯ ಹಿತ್ತಲಿಗೆ ಸಾಕು. ಈ ಸಲ ಹತ್ತಿ ಕಟ್ಟಿಗೆಗೆ ಕಡ್ಡಿ ಗೀರುವ ಮುಂಚೆ ಇದೊಂದು ಲೆಕ್ಕ ಹಾಕಿ ನೋಡ್ರಿ.